ಮ್ಯಾಲಿನ ಕಿಂಡಿ, ಕೆಳಗಿನ ಕಿಂಡಿ

ಕಂಪ್ಯೂಟರಿನ ಬೆನ್ನಿಗೆ ಎರಡು ಕಿಂಡಿ ಅವ.
ಮ್ಯಾಲಿಂದು ಹುಟ್ಟಿನಿಂದ ಬಂದದ್ದು, ಬೋರ್ಡಿನ ಜೋಡಿ.
ಕೆಳಗಿಂದು ನಾನು ಎರಡು ಭಿಶಿ ಎತ್ತಿ ಕೊಂಡ ಕಾರ್ಡಿಂದು:
ಸ್ವಂತ ನೆನಪು, ಸ್ವಂತ ಎರಡು ಫ್ಯಾನು, ಸ್ವಂತ ಹಸಿವು.

ಕರೆಂಟು ಇದ್ದಾಗ ವಾಯರು ಕೆಳಗ.
ಹೋದಾಗ ಮ್ಯಾಲ.
ಇನ್ವರ್ಟರ್ ಸಣ್ಣದು;
ಕಾರ್ಡಿಗೆ ಕೆಲಸ ಹಚ್ಚಿದ್ರ
ಕೀಂ ಕೀಂ ಅಂತ ಅತ್ತು
ಕೂಸಿನಂಗ ಮಲಗಿಬಿಡತದ.

ಶಹಾಬಾದಿನಾಗ ಮೇ ತಿಂಗಳ ಕರೆಂಟು
ದಿನಕ್ಕ ಮೂರು ಸಲ ಹೋಗತದ.
ಮೂರು ಸಲ ನಾನೂ ಟೇಬಲ್ ಕೆಳಗ ಹೋಗತೀನಿ,
ಮೊಣಕಾಲಿಗೆ ತಣ್ಣನ ಫರಸಿ,
ಬಾಯಾಗ ಟಾರ್ಚ್ ಹಚ್ಚಿದ ಫೋನು, ಸೆರಗು ಸೊಂಟಕ್ಕ.
ಹೊರಗ ಕಟಿಂಗ್ ಮಷೀನು ನಿಂತಾಗ
ಊರಿಗೆ ಊರೇ ಒಂದು ಗಳಿಗಿ ಕಿವುಡಾಗತದ.

ನನ್ನ ಕೆಲಸ ಹೆಸರು.
ಕಟ್ಟಿಸಿದವರದು, ಉದ್ಘಾಟಿಸಿದವರದು,
ತೀರಿಕೊಂಡವರದು.
ಅಕ್ಷರಕ್ಕ ಮ್ಯಾಲಿನ ಕಿಂಡಿ ಸಾಕು.
ಅದು ಪಾಪ, ಮಷೀನಿನ ನೆನಪಿನಾಗೇ ತುಸು ಕಡ ತಗೊಂಡು,
ಬಾಜೂ ಮನಿಯಿಂದ ಒಂದು ಬಟ್ಟಲ ಜ್ವಾಳದ ಹಿಟ್ಟು ತಂದಂಗ,
ಹೆಂಗೋ ಆ ಹೊತ್ತಿಂದು ಮಾಡಿಕೊಡತದ.
ಮುಖ ಕೆತ್ತೋದಿದ್ರ ಕಾರ್ಡೇ ಬೇಕು.
ಮೂಗಿನ ನೆರಳು, ಗಲ್ಲದ ತಗ್ಗು,
ಬೆಳಕು ಯಾವ ಕಡಿಂದ ಬೀಳತದ,
ಮ್ಯಾಲಿಂದಕ್ಕ ಅದೆಲ್ಲ ನೀಗಂಗಿಲ್ಲ.
ತಿರುಗು ಅಂದ್ರ ನಿಂತಲ್ಲೇ ನಿಂತಿರತದ.

ಆವತ್ತು ಖಣಿ ಕಡಿಂದ ಸಾಬಣ್ಣ ಬಂದ.
ಕೈಯಾಗ ಅವ್ವನ ಆಧಾರ್ ಕಾರ್ಡಿನ ಝೆರಾಕ್ಸು,
ಅಲ್ಲ, ಝೆರಾಕ್ಸಿನ ಝೆರಾಕ್ಸು.
"ಬ್ಯಾರೆ ಫೋಟೋ?"
"ಇಲ್ರೀ ಅಕ್ಕಾ. ಆಕಿ ಫೋಟೋಕ್ಕ ನಿಂತಾಕಿ ಅಲ್ಲ."
ಎರಡು ದಿನ ಕುಂತು ಆ ಕರಿ ಮಸಿಯೊಳಗಿಂದ
ಒಂದು ಹಣಿ, ಒಂದು ಗದ್ದ ಎತ್ತಿ ನಿಲ್ಲಿಸಿದ್ದೆ.
ಅವನ್ನ ಕರೆಸಿ ತೋರಸಬೇಕು ಅನ್ನೂದ್ರಾಗ
ಹೋತು.

ಬಂದ್ ಮಾಡು, ಕೀಳು, ಮ್ಯಾಲ ಚುಚ್ಚು, ಚಾಲೂ ಮಾಡು.
ಪರದಿ ಮ್ಯಾಲ ಚರ್ಮ ಬರಲಿಲ್ಲ, ನೆರಳು ಬರಲಿಲ್ಲ.
ಬರೇ ಗೆರಿ. ಗೆರಿಗೆ ಗೆರಿ ಕೂಡಿದ ಬಲಿ,
ಮುಖ ಇರಬೇಕಾದಲ್ಲಿ ಅಷ್ಟು ಉಬ್ಬು, ಇಷ್ಟು ತಗ್ಗು.
"ತಡಿ ಸಾಬಣ್ಣ, ಕರೆಂಟು ಬರಲಿ,
ಖರೇ ಮುಖ ತೋರಸ್ತೀನಿ."
ಅವ ಸ್ಟೂಲು ಜಗ್ಗಿಕೊಂಡು ಹತ್ತಿರ ಕುಂತ.
"ಕೌದಿ," ಅಂದ.
"ಏನು?"
"ಆಕಿ ಕೌದಿ ಹೊಲೀತಿದ್ಲು. ದಾರ ಹಿಂಗೇ ಹೋಗತಿತ್ತು,
ಅಂಚಿಂದ ಸುತ್ತಿ, ಸುತ್ತಿ, ನಡಕ್ಕ."
ಪರದಿಗೆ ಮುಟ್ಟಸದೇ, ನಾಕು ಬಟ್ಟ ದೂರ,
ಬೆರಳು ಗಲ್ಲದ ಗೆರಿ ಹಿಡಕೊಂಡು
ಕಿವಿ ತನಕ ಹೋಗಿ ಅಲ್ಲೇ ನಿಂತಿತು.

ನಾಲ್ಕೂವರಿಗೆ ಬಂತು.
ವಾಯರು ಕೆಳಗ ಹಾಕಿದೆ, ಕಾರ್ಡು ಎರಡೂ ಫ್ಯಾನು ಬೀಸಿ ಎದ್ದಿತು,
ಅವ್ವ ಬಂದಳು:
ಕಲ್ಲಿನ ಬಣ್ಣ, ಎಡಗಡಿಂದ ಬೆಳಕು,
ಹಣಿಮ್ಯಾಲಿನ ಹಚ್ಚಿ ಸೈತ.
ನನ್ನ ಕೆಲಸ ನನಗೇ ಛಂದ ಅನಿಸಿತು, ಸುಳ್ಳು ಯಾಕ ಹೇಳಲಿ.
ಸಾಬಣ್ಣ ನೋಡಿದ. ಚಹಾ ಕುಡದ. ಮತ್ತ ನೋಡಿದ.
"ಇದು ರೇಷನ್ ಆಫೀಸಿನಾಗ ಕುಂತಂಗ ಆಗ್ಯದ್ರೀ.
ಮದಲಿಂದು ಇತ್ತಲ್ಲ, ಅದು ಹಾಕ್ರಿ."

ಅದು ಮುಖ ಅಲ್ಲಪಾ, ಮುಖಕ್ಕ ಹಾಕಿದ ಹಂದರ,
ಅಂತ ಹೇಳಬೇಕಿತ್ತು.
ಗೆರಿ ಕೆತ್ತಿದ್ರ ರೇಟು ಕಮ್ಮಿ ಅಂತ ಹೇಳಬೇಕಿತ್ತು.
ಎರಡನೇದಷ್ಟೇ ಹೇಳಿದೆ.
"ಹಂಗಿದ್ರ ಉಳದ ರೊಕ್ಕಕ್ಕ ಕಲ್ಲು ಒಂದು ಫೂಟು ದೊಡ್ಡದು ಮಾಡ್ರಿ," ಅಂದ,
ಕಲ್ಲು ಒಡೆಯೋ ಮನಷ್ಯಾ.

ಒಂದು ಗುಂಡಿ ಒತ್ತಿದ್ರ ಕಾರ್ಡಿನ ಮ್ಯಾಲೂ ಅವೇ ಗೆರಿ ಬರತಾವ.
ವಾಯರು ಕೀಳೋ ಜರೂರತ್ತೇ ಇರಲಿಲ್ಲ.
ಆದ್ರೂ ಮೊಣಕಾಲೂರಿ ಕೆಳಗ ಹೋದೆ.
ಹಾಕಿ ತೆಗೆದು, ಹಾಕಿ ತೆಗೆದು
ಮ್ಯಾಲಿನ ಕಿಂಡಿ ಸಡಿಲಾಗ್ಯದ;
ವಾಯರು ಬಿಗಿ ನಿಲ್ಲಲಿ ಅಂತ
ಹಳೇ ರಸೀದಿ ಒಂದು ಮಡಚಿ ತುರುಕೀನಿ.
ಯಾರ ಹೆಸರಿಂದೋ,
ಅರ್ಧ ಹೊರಗ ಕಾಣತದ.